ಕರಿ ಆಕಳ ಕೊರಳಗಂಟಿ

ಎಬ್ಬಿಸಿದ್ರ ಮತ್ತ ಬ್ಯಾಡ ಅಂತೀರಿ, ಅದಕ್ಕ ಚೀಟಿ ಬರದು ರೊಟ್ಟಿ ಬುಟ್ಟ್ಯಾಗ ಇಟ್ಟೀನಿ. ಈರಬಸಪ್ಪ ಕಾಕಾನ ಮಂದಿ ಜೋಡಿ ಉಳವಿ ಜಾತ್ರಿಗೆ ನಡಕೋಂತ ಹೊಂಟೀನಿ.

ಮೊಸರು ಹುಳಿ ಆಗೂದ್ರಾಗ ಉಣ್ರಿ. ಕರಿ ಆಕಳ ಈಯೂ ದಿನ ಹತ್ರ ಬಂದಾವು, ರಾತ್ರಿ ಎದ್ದು ನೋಡ್ರಿ. ನೋಡ್ತೀನಿ ಅಂತ ಹೇಳಿ ಮುಸುಗು ಹಾಕಬ್ಯಾಡ್ರಿ.

"ಮನ್ಯಾಗ ನಿದ್ದಿ ಬರದಾಕಿಗೆ ಅಡವ್ಯಾಗ ಏನ್ ಬರತೈತಿ" ಅಂದ್ರಲ್ಲ, ಆ ಮಾತು ತಲ್ಯಾಗ ಕೊರೀಲಿಕ್ಕೆ ಹತ್ತಿತು. ರೂಢಿ ಆಗ್ಲಿ ಅಂತ ರಾತ್ರಿ ದಾರಿಗಂತ ಕಟ್ಟಿದ ಚೀಲಾನ ತಲಿಗಿಟ್ಟು ಹೊರಗ ಕಟ್ಟಿ ಮ್ಯಾಲ ಮಲಗಿದೆ. ಥಂಡಿ ಇರ್ಲಿ, ಆ ಕಡೆ ಹೊರಳಿದೆ, ಈ ಕಡೆ ಹೊರಳಿದೆ, ಕಣ್ಣು ಹತ್ತಲಿಲ್ಲ. ಕೌದಿ ಎಳಕೊಂಡು ಒಳಗ ಆಕಳ ಬಾಜು ಬಂದು ಅಡ್ಡಾದೆ. ಅದು ಮೆಲಕು ಹಾಕಿದಾಗೊಮ್ಮೆ ಕೊರಳಗಂಟಿ ಸಣ್ಣಗ ಅಲಗತಿತ್ತು, ಜೊಂಪು ಹತ್ತಿತು.

ಈ ಸಪ್ಪಳ ಇಲ್ಲದ ನನಗ ನಿದ್ದಿ ಇಲ್ಲ ಅಂತ ಆಗ ತಿಳೀತು. ಹೊಂಡೂ ಮುಂದ ಗಂಟಿ ಬಿಚ್ಚಿ ಚೀಲದಾಗ ಹಾಕ್ಕೊಂಡೆ. ಚೀಲದಾಗ ಅದು ತಾನಾಗೇ ಸಪ್ಪಳ ಮಾಡೂದಿಲ್ಲ ಅನ್ನೂದು ಸೈತ ಹೊಳೀಲಿಲ್ಲ, ನಗಬ್ಯಾಡ್ರಿ.

ಗಂಟಿ ಸಪ್ಪಳ ನಿಂತದ್ದ ತಡ, ನೀವು ನಿದ್ದಿಗಣ್ಣಾಗ "ನೀಲಾ, ಆಕಳಿಗೇನಾತು" ಅಂದ್ರಿ. ಅಂದು ಮತ್ತ ಗೊರಕಿ ಹೊಡದ್ರಿ.

ಲಗ್ನ ಆದಾಗಿಂದ ಈ ಮನ್ಯಾಗ ಕಿವಿ ತೆರಕೊಂಡು ಮಲಗೂದು ನಾ ಒಬ್ಬಾಕಿನ ಅಂತ ತಿಳಕೊಂಡಿದ್ದೆ.

ಗಂಟಿ ತಿರುಗಿ ಕಟ್ಟೀನಿ. ಇವತ್ತ ರಾತ್ರಿ ನಮ್ಮ ವಸ್ತಿ ದಾರ್ಯಾಗಿನ ತಂಬೂರ ಊರಿನ ಗುಡ್ಯಾಗ. ನಾ ಮಲಗ್ತೀನಿ, ಗಂಟಿ ಸಪ್ಪಳ ನೀವು ಕೇಳ್ರಿ.