ಮುಚ್ಚಳದಲ್ಲಿ ಉಂಡವನು

ಮಾರ್ಚ್ 4, ಬೆಳಿಗ್ಗೆ

ಏಯ್, ಕೈ ತೆಗೆ ಈ ಪುಸ್ತಕದ ಮೇಲಿಂದ! ಮೂರನೇ ಕ್ಲಾಸಿಗೇ ಊರ ಶಾಲೆ ಬಿಟ್ಟವಳ ಅಕ್ಷರ, ದಾರಿ ತಪ್ಪಿದ ಇರುವೆ ಸಾಲಿನ ಹಾಗಿದೆ. ಅದನ್ನೂ ಬಿಡದೆ ಕದ್ದು ಓದುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ? ಯಾರೆಂದು ಗೊತ್ತಿಲ್ಲ ಅಂದುಕೊಳ್ಳಬೇಡ. ಈ ಮನೆಯಲ್ಲಿರುವುದು ಇಬ್ಬರೇ — ನಾನು, ನನ್ನ ಸೊಸೆ. ಗೋಡೆಗಂತೂ ಓದಲು ಬರುವುದಿಲ್ಲ.

ಮಂಡಿ ನೋವು ಇದೆ. ಬರೆದಿದ್ದೇನೆ, ಓದಿಕೋ. ಬಾಯಿಬಿಟ್ಟು ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ.

ಕಮರಿಗೆ ಇನ್ನೊಮ್ಮೆ ಹೋಗೋಣ ಎಂದು ನಿನ್ನೆ ನಾನೇ ಮಾತು ತೆಗೆದೆ. ಮರಳುಗಲ್ಲಿನ ಆ ಕಮರಿ ನನ್ನ ಮಗನ ಹುಚ್ಚು. ವರ್ಷಕ್ಕೊಮ್ಮೆ ಟೆಂಟ್ ಹೊತ್ತು ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗುತ್ತಿದ್ದ. ಜ್ವರ ಅವನನ್ನು ಕೊಂಡೊಯ್ದು ಮೂರು ವರ್ಷ. ಟೆಂಟ್ ಅಟ್ಟದಲ್ಲಿದೆ. ಸೊಸೆಯ ನಗು ಎಲ್ಲಿದೆಯೋ.

"ಕಾರು ಯಾರು ಓಡಿಸ್ತಾರೆ ಅತ್ತೆ?" ಎಂದಳು. ಆಮೇಲೆ ಪಾತ್ರೆ ತೊಳೆಯುತ್ತಾ, ಆ ಕಡೆ ತಿರುಗಿಕೊಂಡು — "ನಮ್ಮ ಅಂಗಡಿಯವರೊಬ್ರು ಬರ್ತೀನಿ ಅಂತಿದ್ರು..."

ಹೂಂ. ಮುಖ ಕಾಣಲಿಲ್ಲ. ಕಿವಿ ಕಂಡಿತು. ಕೆಂಪಗಿತ್ತು.

ಮಾರ್ಚ್ 7, ಹೊರಡುವ ಹೊತ್ತು

ಬಂದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಸೊಸೆ ಅಲ್ಲೇ ಕೌಂಟರಿನಲ್ಲಿ. ಗಾಜಿನವ ಎಂದು ಹೆಸರಿಟ್ಟೆ. ಹೊಸ ಬೂಟು, ಹೊಸ ಟೋಪಿ, ಅದರ ಬೆಲೆಚೀಟಿ ಇನ್ನೂ ಕಿವಿ ಹತ್ತಿರ ನೇತಾಡುತ್ತಿದೆ.

"ಬೆಟ್ಟ ಹತ್ತಿ ಅಭ್ಯಾಸ ಇದೆಯೇನಪ್ಪಾ?"

"ಅಂಗಡಿ ಮೆಟ್ಟಿಲು ದಿನಾ ಹತ್ತೀನಮ್ಮ."

ಶಾಭಾಸ್. ನನ್ನ ಮಗ ಆಡಿನ ಹಾಗೆ ಹತ್ತುತ್ತಿದ್ದ. ಇವನು ನಡೆಯುವಾಗಲೇ ಕೋಳಿ.

ಮಾರ್ಚ್ 8, ಸಂಜೆ, ಟೆಂಟಿನ ಮುಂದೆ

ಅದೇ ಕೆಂಪು ಗೋಡೆಗಳು. ಅದೇ ತೊರೆ, ಮೊಣಕಾಲಿಗೂ ಬರದಷ್ಟು. ತೊರೆಯ ಪಕ್ಕ ಮರಳು ತೋಡಿ ಒರತೆ ಮಾಡಿದೆ, ಕುಡಿಯುವ ನೀರಿಗೆ. ಮಗ ಇದ್ದಾಗಲೂ ಅದು ನನ್ನದೇ ಕೆಲಸ. ಗಾಜಿನವನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಹೇಳಲಿಲ್ಲ ಪಾಪ. ಕುಂಟುವುದನ್ನು ಮುಚ್ಚಿಡಲು ಹೂವು ನೋಡುವವನ ಹಾಗೆ ಅಲ್ಲಲ್ಲಿ ನಿಲ್ಲುತ್ತಿದ್ದ. ಇಲ್ಲಿ ಹೂವೆಲ್ಲಿಂದ ಬರಬೇಕು?

ಊಟಕ್ಕೆ ಕೂತಾಗ ಆದದ್ದು ಬರೆಯಬೇಕು.

ಸೊಸೆ ಮೂರು ತಟ್ಟೆ ಕಟ್ಟಿಕೊಂಡು ಬಂದಿದ್ದಳು. ನಾವೂ ಮೂವರು, ಲೆಕ್ಕ ಸರಿಯೇ. ನನಗೊಂದು ಕೊಟ್ಟಳು, ತನಗೊಂದು ಇಟ್ಟುಕೊಂಡಳು. ಮೂರನೆಯದನ್ನು ಅವಳ ಕೈ ತಾನಾಗೇ ಹೋಗಿ ಚಪ್ಪಟೆ ಬಂಡೆಯ ಮೇಲಿಟ್ಟಿತು — ನನ್ನ ಮಗ ಕೂರುತ್ತಿದ್ದ ಬಂಡೆ. ಮನೆಯಲ್ಲೂ ಹೀಗೇ. ಇವತ್ತಿಗೂ ಮೂರು ತೆಗೆಯುತ್ತಾಳೆ, ಒಂದನ್ನು ನಾನು ಸದ್ದಿಲ್ಲದೆ ಒಳಗಿಡುತ್ತೇನೆ. ಇಲ್ಲಿ ಒಳಗೆ ಎಂಬುದೆಲ್ಲಿ? ಗಾಜಿನವ ಬರಿಗೈಲಿ ಎದುರಿಗೇ ನಿಂತಿದ್ದ. ಅವಳಿಗೂ ಆಗಲೇ ಗೊತ್ತಾಗಿ ಮುಖ ಬಿಳಿಚಿತು.

ಇವನು ಆ ತಟ್ಟೆ ಮುಟ್ಟಲಿಲ್ಲ. ಪಾತ್ರೆಯ ಮುಚ್ಚಳ ಮಗುಚಿ, ಒರೆಸಿ, ಮುಂದೆ ಹಿಡಿದ. "ಇದಕ್ಕೇ ಹಾಕ್ಬಿಡಿ. ಜಾಸ್ತಿ ಹಿಡಿಯಲ್ಲ, ನನ್ ಹೊಟ್ಟೆಗೂ ಒಳ್ಳೇದು."

ಮುಚ್ಚಳದಲ್ಲಿ ಸೂಪ್! ಅಂಚಿನಿಂದ ಸೋರಿ ಪ್ಯಾಂಟೆಲ್ಲ ಒದ್ದೆ. ಬ್ರೆಡ್ ಅದ್ದಿಕೊಂಡು, ಏನೂ ಆಗದವನ ಹಾಗೆ ಉಂಡ.

ನಾನು ಅರ್ಧಕ್ಕೇ ತಟ್ಟೆ ಕೆಳಗಿಟ್ಟೆ. ಮಂಡಿ ನೋವು ಎಂದೆ.

ಮಾರ್ಚ್ 9, ಬೆಳಿಗ್ಗೆ

ಟೆಂಟಿನ ಬಟ್ಟೆ ತೆಳು. ನನ್ನ ಕಿವಿ ಇನ್ನೂ ಗಟ್ಟಿ. ಹೊರಗೆ ಸ್ಟವ್ ಹಚ್ಚುತ್ತಾ ಮಾತು.

"ಅತ್ತೆಗೆ ಹೇಗೆ ಹೇಳ್ಲಿ? ನಾನು ಮದುವೆ ಆಗಿ ಹೋದ್ರೆ ಅವರಿಗೆ ಯಾರು?"

"ಅವರನ್ನ ಬಿಟ್ಟು ಬನ್ನಿ ಅಂದ್ನಾ? ನಮ್ಮನೇಲಿ ಕೆಳಗಿನ ರೂಮ್ ಖಾಲಿ ಮಾಡಿಟ್ಟಿದೀನಿ. ಮೆಟ್ಟಿಲಿಲ್ಲ, ಮಂಡಿಗೆ ಒಳ್ಳೇದು."

"ಅವರ ಮಗನ ಜಾಗದಲ್ಲಿ ಇನ್ನೊಬ್ರನ್ನ..."

"ಆ ಜಾಗ ನಂಗೆ ಬೇಡ. ಮುಚ್ಚಳ ಸಾಕು."

ನಾನು ಕೆಮ್ಮಿ ಹೊರಗೆ ಬಂದೆ.

ಅದೇ ದಿನ, ಸಂಜೆ

ತೊರೆಯ ಮಡುವಿಗೆ ಹೋಗುವ ದಾರಿಯಲ್ಲಿ ಬಂಡೆಯ ಇಕ್ಕಟ್ಟು ಅಂಚು. ಒಂದು ಕಡೆ ಗೋಡೆ, ಒಂದು ಕಡೆ ಆಳ. ಸೊಸೆ ಆಗಲೇ ದಾಟಿದ್ದಳು, ನಾನು ಗೋಡೆ ಹಿಡಿದು ನಿಂತೆ. ತಿರುಗಿ ನೋಡಿದರೆ ಗಾಜಿನವನ ಮುಖ ಸುಣ್ಣ.

"ಅಮ್ಮ, ನಂಗೆ ಭಯ ಆಗ್ತಿದೆ. ನಾನು ಕೂತ್ಕೊಂಡೇ ದಾಟ್ತೀನಿ."

"ಗಂಡಸಾಗಿ?"

"ಬಿದ್ಮೇಲೆ ಗಂಡಸಾದ್ರೇನು, ಹೆಂಗಸಾದ್ರೇನು? ನೀವೂ ಕೂತ್ಕೊಳ್ಳಿ."

ಕೂತೆ. ಇಬ್ಬರೂ ಪುಟ್ಟ ಮಕ್ಕಳ ಹಾಗೆ ತೆವಳಿಕೊಂಡು, ಅವನು ಮುಂದೆ, ನಾನು ಹಿಂದೆ. ಅರ್ಧಕ್ಕೆ ಬಂದಾಗ ಪರ್‍ರ್ — ಅವನ ಪ್ಯಾಂಟಿನ ಹಿಂಭಾಗ. "ಗಾಜಿನವನೇ, ಒಳಗಿನದೆಲ್ಲ ಕಾಣ್ತಿದೆ," ಎಂದೆ.

ಆಚೆ ನಿಂತಿದ್ದ ಸೊಸೆ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಕಮರಿ ಆ ನಗುವನ್ನು ಹಿಡಿದುಕೊಂಡು ಇನ್ನೊಮ್ಮೆ ನಕ್ಕಿತು.

ಟೆಂಟಿಗೆ ಮರಳಿದ ಮೇಲೆ ಬಂಡೆಯ ಹತ್ತಿರ ಹೋದೆ. ತಟ್ಟೆ ತುಂಬ ಮರಳು. ಹೊಟ್ಟೆಯಲ್ಲಿ ಹುಟ್ಟಿದವನನ್ನು ನಾನು ಮರೆತಿಲ್ಲ. ಆದರೆ ಖಾಲಿ ತಟ್ಟೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ತೊಳೆದೆ. ಬಡಿಸಿ ಗಾಜಿನವನ ಕೈಗಿಟ್ಟೆ. ಅವನು ಮೊದಲು ನೋಡಿದ್ದು ಸೊಸೆಯ ಮುಖವನ್ನು.

ಅವಳು ಎದ್ದು ತೊರೆಯ ಕಡೆ ಹೋದಳು. ಬಂದಾಗ ಕಣ್ಣು ಕೆಂಪು.

ಮಾರ್ಚ್ 22

ಇಷ್ಟು ದಿನ ಬರೆಯಲಿಲ್ಲ. ಅವಳಾಗಿಯೇ ಹೇಳಲಿ ಎಂದು ಕಾದೆ. ಗಾಜಿನವ ಮಂಡಿಗೆ ಎಣ್ಣೆ ಕಳಿಸಿದ್ದಾನೆ, ಅವಳ ಕೈಲೇ. ಬಾಟಲಿ ಇಟ್ಟು ಹೋದಳು.

ನಿನ್ನೆ ಊಟಕ್ಕೆ ಎರಡೇ ತಟ್ಟೆ ತೆಗೆದಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಈಗ ಕೇಳು ತಾಯಿ. ಓದುತ್ತಿದ್ದೀಯೆಂದು ಗೊತ್ತು. ನನ್ನನ್ನು ಬೇಲಿ ಮಾಡಿಕೊಂಡು ಅದರ ಹಿಂದೆ ಅವಿತು ಕೂರಬೇಡ. ನಾನು ಬೇಲಿಯಲ್ಲ, ಮಂಡಿ ನೋವಿನ ಮುದುಕಿ. ಮೆಟ್ಟಿಲಿಲ್ಲದ ರೂಮ್ ಎಂದರೆ ನನಗೂ ಆಸೆ. ಕಿಟಕಿ ಯಾವ ಕಡೆಗಿದೆ ಎಂದು ಅವನನ್ನು ಕೇಳು. ನಿನಗೆ ಅವನು ಬೇಡವಾದರೆ ಬೇಡ ಎನ್ನು, ಅದೂ ಉತ್ತರವೇ. ಅದಕ್ಕೆ ನನ್ನ ನೆಪ ಮಾತ್ರ ಹೇಳಬೇಡ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಕೊಡು. ಅವನಿಗೆ ಬಾಯಲ್ಲಿ. ನನಗೆ ಬಾಯಲ್ಲಿ ಆಗದಿದ್ದರೆ ಇಲ್ಲೇ ಬರೆ, ಕೆಳಗೆ ಜಾಗ ಬಿಟ್ಟಿದ್ದೇನೆ —