ಹುಲ್ಲು ತುಂಬಿದ ಕರು

ಜನವರಿ ೨೩, ಗುರುವಾರ. ಉಗಾರ ಬುದ್ರುಕ.

ಎಮ್ಮೆ ಇವತ್ತು ಹಾಲು ಕೊಟ್ಟಿತು. ಅದೇ ಕಣ್ಣ ಮುಂದೆ ಬಂದು ನಿದ್ದೆ ಹತ್ತುತ್ತಿಲ್ಲ.

ಸೋಮವಾರ ಅದು ಈಯುವಾಗ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ನಾನು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕಂಪನಿಯ ಮೀಟಿಂಗಿನಲ್ಲಿದ್ದೆ. ಅತ್ತೆ ಕೋಣೆಯ ಬಾಗಿಲಿಗೆ ಬಂದರು. ತಿರುಗಿಯೂ ನೋಡದೆ ಕೈ ಎತ್ತಿ ತಡೆದೆ. ಮೀಟಿಂಗ್ ಮುಗಿಸಿ ಹೊರಗೆ ಬಂದರೆ ಕರು ಸತ್ತಿತ್ತು.

“ಕಾಲ ಸಿಕ್ಕೊಂಡಿತ್ತವ್ವಾ. ದನದ ಡಾಕ್ಟರಗ ಫೋನ್ ಹಚ್ಚು ಅನ್ನಾಕ ಬಂದಿದ್ನಿ. ನೀ ಕೈ ಮಾಡಿದಿ, ಹೊಳ್ಳಿ ಹ್ವಾದ್ನಿ,” ಎಂದರು ಅತ್ತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಎಮ್ಮೆ ಕೆಚ್ಚಲು ಮುಟ್ಟಗೊಟ್ಟಿರಲಿಲ್ಲ. ಇವತ್ತು ಅತ್ತೆ ಆ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ತಂದು ಅದರ ಮುಂದೆ ನಿಲ್ಲಿಸಿದರು. ಎಮ್ಮೆ ಮೂಸಿತು, ನೆಕ್ಕಿತು, ಸುಮ್ಮನೆ ಹಾಲು ಬಿಟ್ಟಿತು.

ಮಧ್ಯಾಹ್ನ ಮತ್ತೆ ಮೀಟಿಂಗ್. ಮಗಳು ಮಾಯಾ ಶಾಲೆಯಿಂದ ಬಂದವಳು ನನ್ನ ಕಿವಿಯ ಹೆಡ್‌ಫೋನ್ ನೋಡಿ ಸದ್ದಾಗದಂತೆ ಚೀಲ ಕೆಳಗಿಟ್ಟಳು.

ಪಕ್ಕದ ಮನೆಯ ತಾರವ್ವ ಹೊರಗಿನಿಂದ ಕೂಗಿದಳು: “ನಿಮ್ಮವ್ವ ಮನ್ಯಾಗ ಅದಾಳೇನ?”

“ಅದಾಳ. ಮಾತಾಡಂಗಿಲ್ಲ,” ಎಂದಳು ಮಾಯಾ.

ಆಮೇಲೆ ನನ್ನ ಕುರ್ಚಿಗೆ ಒರಗಿ ಕೂತು, ನನ್ನ ಸೆರಗನ್ನು ಮೂಗಿಗೆ ಒತ್ತಿಕೊಂಡು, ಹಾಗೇ ನಿದ್ದೆ ಹೋದಳು.