‘ಹೊಳೆಯಾಚೆ ದೀಪ’: ಹಾಡಿದವರು ಇಬ್ಬರು

5-7-1999, ಸೋಮವಾರ

ಹನ್ನೊಂದರವರೆಗೆ ಕರೆಂಟಿಲ್ಲ. ಆಮೇಲೆ ಕೂತು ನಲವತ್ತು ಹಾಡಿನ ವಿವರ ಟೈಪ್ ಮಾಡಿದೆ. ಕೊಟ್ರೇಶನ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುವುದು ನನ್ನ ಕೆಲಸ, ಬಿಡುವಾದಾಗ ಇದು. ಕನ್ನಡದ ಕ್ಯಾಸೆಟ್ ಹಾಡುಗಳನ್ನೆಲ್ಲ ಸೇರಿಸಿ ಒಂದು ವಿಶ್ವಕೋಶ ಮಾಡಿ ಇಂಟರ್‌ನೆಟ್ಟಿಗೆ ಹಾಕಬೇಕೆಂದು ಅವನ ಹಟ. ದಾವಣಗೆರೆಯಲ್ಲಿ ಇಂಟರ್‌ನೆಟ್ ಕಂಡವರು ನೂರು ಜನ ಇದ್ದಾರೋ ಇಲ್ಲವೋ. ಇರಲಿ. ಆರ್ಕೆಸ್ಟ್ರಾ ನಿಂತುಹೋದ ಮೇಲೆ ಹಾಡಿನ ಹತ್ತಿರ ಇರಲು ನನಗೆ ಇದೊಂದೇ ದಾರಿ.

ಇವತ್ತು ಒಂದು ತಕರಾರು. ‘ಹೊಳೆಯಾಚೆ ದೀಪ’ ಎಂಬ ಹೆಸರಿನ ಹಾಡು ಎರಡು ಕ್ಯಾಸೆಟ್‌ಗಳಲ್ಲಿ ಸಿಕ್ಕಿತು. ಒಂದು ದೇವರ ಹಾಡು. ಇನ್ನೊಂದು ಕೊಕ್ಕನೂರಿನ ಮೈಲಮ್ಮ 1984ರಲ್ಲಿ ಹಾಡಿದ್ದು — ಹೊಳೆ ದಾಟಿ ಹೋದವನ ದಾರಿ ನೋಡುವವಳ ಹಾಡು. ಹೆಸರು ಬಿಟ್ಟರೆ ಒಂದಕ್ಕೊಂದು ಸಂಬಂಧವಿಲ್ಲ. ಎರಡನ್ನೂ ಒಂದೇ ಪುಟಕ್ಕೆ ಹಾಕು ಎಂದ ಕೊಟ್ರೇಶ. ಆಗುವುದಿಲ್ಲ ಎಂದೆ. ಹಾಗಾದರೆ ನಿಯಮ ನೀನೇ ಬರಿ ಎಂದ. ಬರೆದು ಗೋಡೆಗೆ ಅಂಟಿಸಿದೆ:

ಹೆಸರು ಒಂದೇ, ಹಾಡು ಬೇರೆ — ಬೇರೆ ಬೇರೆ ಪುಟ. ಹಾಡು ಒಂದೇ, ಹಾಡಿದವರು ಬೇರೆ — ಒಂದೇ ಪುಟ. ಮೊದಲು ಹಾಡಿದವರು ಮೇಲೆ. ಆಮೇಲೆ ಹಾಡಿದವರಿಗೆ ಕೆಳಗೆ ಒಂದೊಂದು ಸಾಲು.

ಯಾರಿಗೂ ಅನ್ಯಾಯವಿಲ್ಲ.

9-7, ಶುಕ್ರವಾರ

ನಿಟ್ಟುವಳ್ಳಿಯಲ್ಲಿ ಬಾಗಿಲು ಹಾಕಿದ ಅಂಗಡಿಯೊಂದರಿಂದ ಕೊಟ್ರೇಶ ಒಂದು ಡಬ್ಬ ಹಳೇ ಕ್ಯಾಸೆಟ್ ತಂದ. ಅದರಲ್ಲಿ ನಮ್ಮ ಆರ್ಕೆಸ್ಟ್ರಾದ್ದೂ ಒಂದು. 1989. ಮುಖಪುಟದಲ್ಲಿ ದಿಲ್ಷಾದ್ ಬೇಗಂ ಫೋಟೊ, ಅರ್ಧ ಮಾಸಿದೆ.

ಐದು ವರ್ಷ ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡಿದಳು. ನಾನು ಹಾರ್ಮೋನಿಯಂ. ಮಿಕ್ಕವರನ್ನೆಲ್ಲ ‘ಅಣ್ಣ’ ಅನ್ನುತ್ತಿದ್ದಳು, ನನ್ನನ್ನು ಮಾತ್ರ ‘ಮಾಸ್ತರ್ರೆ’. ಅದರಲ್ಲಿ ಏನೋ ಇದೆ ಅಂದುಕೊಂಡೇ ಐದು ವರ್ಷ ಕಳೆದೆ. ಕೇಳಲಿಲ್ಲ. ಕೇಳಿದ್ದರೂ ಅವರ ಮನೆ, ನಮ್ಮ ಮನೆ… ಬಿಡು. ತೊಂಬತ್ತರಲ್ಲಿ ಮದುವೆಯಾಗಿ ಹರಿಹರಕ್ಕೆ ಹೋದಳು. ಹಾಡುವುದನ್ನೂ ಬಿಟ್ಟಳು.

ಬಿ ಸೈಡಿನಲ್ಲಿ ಮೂರನೆಯದು — ‘ಹೊಳೆಯಾಚೆ ದೀಪ’. ಮೈಲಮ್ಮನ ಹಾಡೇ.

ನನ್ನ ನಿಯಮದ ಪ್ರಕಾರ ಅವಳಿಗೆ ಒಂದು ಸಾಲು.

12-7

ಬೇರೆ ಪುಟ ಮಾಡಿದೆ. ‘ಧಾಟಿ ಬೇರೆ’ ಎಂದು ಕಾರಣ ಬರೆದೆ. ಎಲ್ಲೆಲ್ಲಿ ಹಾಡಿದಳು, ಯಾವ ಸಾಲಿನಲ್ಲಿ ದನಿ ಎಳೆಯುತ್ತಿದ್ದಳು — ಎಲ್ಲ ಹಾಕಿದೆ. ಬೇರೆ ಯಾವ ಹಾಡಿಗೂ ಇಷ್ಟು ಉದ್ದ ಬರೆದಿಲ್ಲ. ಇಡೀ ದಿನ ಹೋದದ್ದೇ ತಿಳಿಯಲಿಲ್ಲ.

13-7

ಕೊಟ್ರೇಶ ಎರಡೂ ಕ್ಯಾಸೆಟ್ ಹಾಕಿ ಕೇಳಿದ್ದಾನೆ.

“ಧಾಟಿ ಒಂದೇ ಐತಲ್ಲೋ ಬಕ್ಕೇಶಿ. ಇದಕ್ಕೊಂದಕ್ಕೆ ಯಾಕ ಬ್ಯಾರೆ ಪುಟ?”

ಅವಳು ಬದಲಾಯಿಸಿ ಹಾಡಿದ್ದಾಳೆ, ನಿನ್ನ ಕಿವಿಗೆ ಗೊತ್ತಾಗುವುದಿಲ್ಲ ಎಂದೆ. ಜಗಳವಾಡಲಿಲ್ಲ ಅವನು. ಹರಿಹರ ಏನು ದೂರ, ಹಾಡಿದವಳನ್ನೇ ಕೇಳಿಕೊಂಡು ಬಾ ಎಂದ.

14-7

ನಾಳೆ ಹೋಗುತ್ತೇನೆ.

1-8, ಭಾನುವಾರ

ಹೋಗಿಬಂದೆ. ಕೊನೆಗೂ.

ಅವಳ ಗಂಡ ಬಡೇಸಾಬ್. ಸೈಕಲ್ ಅಂಗಡಿ, ಹಿಂದೆಯೇ ಮನೆ. ವಿಷಯ ಹೇಳಿದ್ದೇ ತಡ, ಕೈ ಒರೆಸಿಕೊಂಡು ಒಳಗೆ ಕರೆದುಕೊಂಡು ಹೋದ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತೇನೋ.

ಅವಳು ಹೊಲಿಗೆ ಮೆಶಿನ್ ಮುಂದಿನಿಂದ ಎದ್ದಳು. ಕನ್ನಡಕ ಬಂದಿದೆ. ಚೆನ್ನಾಗಿದ್ದೀರಾ ಎಂದು ಕೇಳಿದಳು. ಚೆನ್ನಾಗಿದ್ದೇನೆ ಎಂದೆ. ಆಮೇಲೆ ವಿಶ್ವಕೋಶ ಎಂದರೇನು, ಪುಟ ಎಂದರೇನು ಎಲ್ಲ ವಿವರಿಸಿದೆ. ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದೆ. ಧಾಟಿ ನೀವು ಬದಲಾಯಿಸಿದ್ದು ಹೌದಲ್ಲ ಎಂದು ಕೇಳಿದೆ. ಹೌದು ಎನ್ನಲಿ ಎಂದು…

“ಮೈಲಮ್ಮ ಎದುರಿಗೆ ಕುಂದ್ರಿಸ್ಕೊಂಡು ಕಲಿಸ್ಯಾಳ್ರಿ ಮಾಸ್ತರ್ರೆ,” ಎಂದಳು. “ಧಾಟಿ ಆಕೀದೇ. ನನಗೆ ಬ್ಯಾರೆ ಪುಟ ಬ್ಯಾಡ. ಆಕಿ ಕೆಳಗೆ ಬರೀರಿ.”

ಅಷ್ಟೇ. ನಿಯಮ ಬರೆದವನು ನಾನು, ಪಾಲಿಸಿದವಳು ಅವಳು.

ಅವಳು ಚಹಾಕ್ಕೆಂದು ಒಳಗೆ ಹೋದಾಗ ಬಡೇಸಾಬ್ ದನಿ ತಗ್ಗಿಸಿದ. “ಹಾಡಬ್ಯಾಡ ಅಂತ ನಾನು ಒಂದಿನಾನೂ ಅಂದಿಲ್ರಿ. ಆಕೀನೇ ಬಿಟ್ಲು. ಯಾಕ ಅಂತ ನೀವಾರ ಕೇಳ್ರಿ.”

ಚಹಾ ಬಂತು. ಕುಡಿದೆ. ಕೇಳಲಿಲ್ಲ.

ಬಸ್ಸು ಹೊಳೆಯ ಕಡೆಗೆ ಹೋಗುವುದಿಲ್ಲ, ಆದರೂ ಸ್ಟ್ಯಾಂಡಿನಿಂದ ನಡೆದು ಹೋಗಿ ಸೇತುವೆ ಮೇಲೆ ಸ್ವಲ್ಪ ಹೊತ್ತು ನಿಂತು ಬಂದೆ. ನೀರು ತುಂಬಿದೆ.

2-8

ಅವಳ ಪುಟ ಅಳಿಸಿದೆ. ಮೈಲಮ್ಮನ ಹೆಸರಿನ ಕೆಳಗೆ ಒಂದು ಸಾಲು: ದಿಲ್ಷಾದ್ ಬೇಗಂ, 1989. ಕೊಟ್ರೇಶ ನೋಡಿ, ಈಗ ಸರಿಯಾಯಿತು ಎಂದ.

ಸರಿಯಾಗಿದೆ.

21-8, ಶನಿವಾರ

ಸಂಜೆ ನಾಲ್ಕಕ್ಕೆ ಬಡೇಸಾಬ್, ಹಿಂದೆ ಅವಳು. ಇಲ್ಲಿ ನೆಂಟರ ಮನೆಗೆ ಬಂದಿದ್ದರಂತೆ. ಹೆಸರು ಹೆಂಗೆ ಬಂದೈತೆ ನೋಡಿ ಹೋಗೋಣ ಅಂತ ಬಂದ್ವಿ ಎಂದ.

ಇಂಟರ್‌ನೆಟ್ಟಿಗೆ ಫೋನ್ ಲೈನ್ ಸಿಗಲು ಇಪ್ಪತ್ತು ನಿಮಿಷ. ಪುಟ ಬಂತು. ಇಂಟರ್‌ನೆಟ್ಟಿನಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ, ಎಲ್ಲ ಇಂಗ್ಲಿಷ್ ಅಕ್ಷರ, ಅವಳಿಗೆ ಬಾರದು. ನಾನೇ ಓದಿ ಹೇಳಿದೆ. ಮೈಲಮ್ಮ, ಕೊಕ್ಕನೂರು, 1984. ಕೆಳಗೆ ನೀವು. ಅವಳು ತನ್ನ ಹೆಸರಲ್ಲ, ಮೈಲಮ್ಮನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಿಟ್ಟಳು.

ಒತ್ತಿದರೆ ಹಾಡು ಬರುವುದಿಲ್ಲವೇ ಎಂದು ಬಡೇಸಾಬ್ ಕೇಳಿದ. ಇಲ್ಲ, ವಿವರ ಮಾತ್ರ ಎಂದೆ. ಅವನಿಗೆ ನಿರಾಸೆ. ಹಂಗಾದ್ರೆ ನೀನೇ ಎರಡು ಸಾಲು ಹೇಳು ಎಂದ ಅವಳಿಗೆ. ಒಲ್ಲೆ ಎಂದಳು. ಸ್ವಲ್ಪ ಹೊತ್ತು ಪರದೆ ನೋಡುತ್ತ ನಿಂತಳು. ಆಮೇಲೆ ಯಾರನ್ನೂ ನೋಡದೆ, ಸಣ್ಣಗೆ, ಶುರುಮಾಡಿದಳು.

ಒಂಬತ್ತು ವರ್ಷ. ದನಿ ಕೆಳಗಿಳಿದಿದೆ, ಸ್ವಲ್ಪ ಒಡೆದಿದೆ. ಮೊದಲ ಸಾಲು ಮುಗಿಸಿ ನಿಲ್ಲಿಸಿದಳು. ಮರೆತಳೇನೋ ಎಂದುಕೊಂಡೆ. ಮರೆತಿರಲಿಲ್ಲ. ಅಲ್ಲಿ ನಾನು ಹಾರ್ಮೋನಿಯಂನಲ್ಲಿ ಬಾರಿಸುತ್ತಿದ್ದ ತುಣುಕಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಸುಮ್ಮನಿದ್ದು ಎರಡನೇ ಸಾಲು ಎತ್ತಿಕೊಂಡಳು.

ಟೈಪಿಂಗ್ ಹುಡುಗಿಯರೂ ಕೈ ನಿಲ್ಲಿಸಿ ಕೇಳಿದರು.

ಅವರು ಹೋದ ಮೇಲೆ ಕೊಟ್ರೇಶ ಬಂದು ಪಕ್ಕದಲ್ಲಿ ಕೂತ. “ಆಕಿ ಯಾರೋ ನಿನಗೆ?”

ಹಾಡಿದವರು ಎಂದೆ.

“ಅಷ್ಟೇನಾ?”

ಅಷ್ಟೇ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು: ಅಷ್ಟೇ ಅಲ್ಲ.